ಐದನೆಯ ಫೋಟೋ

ತಂಗೆವ್ವ ರೊಟ್ಟಿ ಬಡಿಯುತ್ತಿದ್ದಳು. ಬದಿಗೆ ಸೊಸೆ ವೈಶಾಲಿ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ತುರುಬು ಕಟ್ಟುತ್ತ, ನಾಲ್ಕು ಪಿನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದಳು. ಅವಳ ತುಟಿ ಮುಚ್ಚಿತ್ತು, ಅದನ್ನು ತಂಗೆವ್ವ ತನ್ನ ಕಣ್ಣಾರೆ ಕಂಡಿದ್ದಾಳೆ. ಅಂಥ ಹೊತ್ತಿನಲ್ಲಿ ಪಡಸಾಲೆಯ ತಿಜೂರಿಯೊಳಗಿಂದ ಅದೇ ವೈಶಾಲಿಯ ದನಿ ಬಂತು.

“ಸಿಂಚನಾ, ಬಾ ಮಗಾ. ಬರಿಯೂಣು ಬಾ.”

ತಂಗೆವ್ವನ ಅಂಗೈ ಸೀದಾ ಹೋಗಿ ಹಂಚಿಗೆ ತಾಗಿತು. ಸುಟ್ಟ ಕೈಯನ್ನು ನೀರಲ್ಲಿ ಅದ್ದುವುದನ್ನೂ ಮರೆತು ಆಕೆ ಸೊಸೆಯ ಮುಖ ನೋಡಿದಳು. ಸೊಸೆ ಗೋಡೆ ನೋಡಿದಳು. ಎರಡನೆಯ ಸಲವೂ ಕರೆ ಬಂತು. ಅದೇ ದನಿ, ಅದೇ ಅಕ್ಕರೆ, ಕೊನೆಗೆ ಅದೇ ಸಣ್ಣ ನಗು. ಆಮೇಲೆ ಸುಮ್ಮನಾಯಿತು.

ಸಿಂಚನಾ ಈ ಮನೆಯ ಮೊಮ್ಮಗಳು, ವೈಶಾಲಿಯ ಒಬ್ಬಳೇ ಮಗಳು. ಆರು ವರ್ಷದ ಕೂಸು ಭಾದ್ರಪದದಲ್ಲಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಿತು. ತಂಗೆವ್ವನ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಹೋದವರ ಹೆಸರನ್ನು ವರ್ಷ ತುಂಬುವ ತನಕ ಯಾರೂ ಬಾಯಿಬಿಟ್ಟು ಕರೆಯಬಾರದು. ಹೆಸರು ಕಿವಿಗೆ ಬಿದ್ದರೆ ಹೋಗುತ್ತಿರುವವರು ದಾರಿಯಲ್ಲಿ ತಿರುಗಿ ನೋಡುತ್ತಾರೆ, ತಿರುಗಿದವರಿಗೆ ಮುಂದಿನ ದಾರಿ ಕಾಣುವುದಿಲ್ಲ, ಹಿಂದಿನ ಮನೆಯೂ ಸಿಗುವುದಿಲ್ಲ. ಅತ್ತೆ ಸತ್ತಾಗ ತಂಗೆವ್ವ ಇದನ್ನು ಪಾಲಿಸಿದ್ದಳು, ಮಾವ ಸತ್ತಾಗಲೂ ಪಾಲಿಸಿದ್ದಳು. ಈಗ ಮೊಮ್ಮಗಳಿಗಾಗಿ ಪಾಲಿಸುವ ಹಾಗಾಗಿತ್ತು. ಅಂಥ ಗಳಿಗೆ ಯಾವ ಮುದುಕಿಗೂ ಬರಬಾರದು. ಮನೆಯಲ್ಲಿ ಎಲ್ಲರೂ ‘ಹೋದಾಕಿ’ ಅನ್ನುತ್ತಿದ್ದರು, ಅದನ್ನೂ ದನಿ ತಗ್ಗಿಸಿ.

“ವೈಶಾಲಿ, ಆ ಪಾಟಿ ಬಾಯಿ ಮುಚ್ಚಸ್ತಿಯೋ ಇಲ್ಲೋ?” ತಂಗೆವ್ವ ಕೇಳಿದಳು.

ವೈಶಾಲಿ ಪಿನ್ನುಗಳನ್ನು ಒಂದೊಂದಾಗಿ ಹಲ್ಲಿಂದ ತೆಗೆದು ತುರುಬಿಗೆ ಚುಚ್ಚಿಕೊಂಡಳು. “ಅದು ಟ್ಯಾಬಿನಾಗಿನ ಗಿಳಿ ಕರಿಯೂದರಿ, ಅತ್ತಿ. ಮೂರು ದಿನ ಪಾಠ ತಪ್ಪಿಸಿದವರನ್ನ ಮುಂಜಾನೆ ಎಂಟಕ್ಕ ಹೆಸರ ಹಿಡದ ಕರೀತೈತಿ. ಜೂನ್‌ದಾಗ ಎಲ್ಲಾ ಹುಡುಗೂರ ಹೆಸರೂ ನನ್ನ ದನಿಯಾಗ ಹಾಕೇನಿ.”

“ಹೋದಾಕಿ ಎಲ್ಲಿಂದ ಬರಬೇಕ ಪಾಠಕ್ಕ? ಅಳಸ ಆ ಹೆಸರ.”

“ಅಳಸಂಗಿಲ್ಲರಿ.”

“ಯಾಕ ಅಳಸಂಗಿಲ್ಲ?”

“ಹೆಸರ ಅಳಿಸಿದ್ರ ಫೋಟೋನೂ ಹೋಕ್ಕೈತಿ. ಆಕಿ ಬೆರಳಲೇ ಬರದ ಅಕ್ಷರನೂ ಹೋಕ್ಕಾವು. ನನಗ ಹೊತ್ತಾತರಿ.” ವೈಶಾಲಿ ಚೀಲ ಹೆಗಲಿಗೇರಿಸಿ, ರೊಟ್ಟಿ ಕಟ್ಟಿಸಿಕೊಳ್ಳದೆ ಹೊರಟೇ ಹೋದಳು.

ಮಗ ವೀರೇಶ ಬಲಬದಿಯ ಶೆಡ್ಡಿನಲ್ಲಿ ನಾಲ್ಕು ಮಗ್ಗ ಓಡಿಸುತ್ತಿದ್ದ. ಆತನಿಗೆ ಈ ಗದ್ದಲ ಏನೂ ಕೇಳಿಸಿರಲಿಲ್ಲ. ಗಂಡ ರಾಚಪ್ಪನಿಗಂತೂ ಐವತ್ತು ವರ್ಷ ಮಗ್ಗದ ಖಟಖಟ ಕೇಳಿ ಕೇಳಿ ಕಿವಿಯೇ ಮುಚ್ಚಿಹೋಗಿತ್ತು. ಮುದುಕ ಹೆಂಡತಿಯ ಮುಖ ನೋಡಿ “ಏನಾತು?” ಅಂತ ಕೂಗಿದ. ತಂಗೆವ್ವ ಸುಟ್ಟ ಅಂಗೈ ತೋರಿಸಿದಳು. “ಹುಷಾರಲೇ ಬಡೀಬೇಕಿಲ್ಲೋ?” ಅಂದು ಆತ ಚಹಾ ಕುಡಿಯತೊಡಗಿದ.

ವೈಶಾಲಿ ಬನಹಟ್ಟಿಯ ನೇಕಾರರ ಓಣಿಯೊಂದರ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಒಂದರಿಂದ ಮೂರನೆಯ ಇಯತ್ತೆಗೆ ಒಂದೇ ಕೋಣೆ, ಒಬ್ಬಳೇ ಅಕ್ಕೋರು. ಯಾರೋ ಪುಣ್ಯಾತ್ಮರು ಶಾಲೆಗೆ ಆರು ಟ್ಯಾಬ್ ಕೊಟ್ಟಿದ್ದರು. ಅದರಲ್ಲಿ ಹಾಕಿಕೊಳ್ಳಲು ಪುಕ್ಕಟೆ ಸಿಗುವ ಆ್ಯಪ್ ಒಂದನ್ನು ವೈಶಾಲಿ ಬೇಸಿಗೆ ರಜೆಯೆಲ್ಲ ಕೂತು ಹುಡುಕಿದ್ದಳು. ಮಕ್ಕಳು ತಮ್ಮ ತಮ್ಮ ಫೋಟೋ ಒತ್ತಿ ಬೆರಳಿಂದ ಅಕ್ಷರ ತಿದ್ದಬೇಕು, ಚಿತ್ರ ನೋಡಿ ಶಬ್ದ ಜೋಡಿಸಬೇಕು. ಪಾಳಿ ಬಂದಾಗ ಹಸಿರು ಗಿಳಿಯೊಂದು ಹೆಸರು ಹಿಡಿದು ಕರೆಯುತ್ತದೆ, ಸರಿಯಾಗಿ ಬರೆದರೆ ಫೋಟೋದ ಕೆಳಗೆ ಒಂದು ಚುಕ್ಕಿ ಇಡುತ್ತದೆ. ಸಣ್ಣವರು ಐದೈದು ಮಂದಿ ಟ್ಯಾಬಿನ ಸುತ್ತ ಕೂತು ತಿದ್ದುವಾಗ ಈಕೆ ದೊಡ್ಡವರಿಗೆ ಭಾಗಾಕಾರ ಹೇಳಿಕೊಡುತ್ತಿದ್ದಳು. ದಸರೆಯ ಹೊತ್ತಿಗೆ ಒಂದನೆಯ ಇಯತ್ತೆಯ ಹುಡುಗರು ಅಂಗಡಿಯ ಬೋರ್ಡು ಓದುತ್ತಿದ್ದರು. ಓಣಿಯ ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡಿತ್ತು.

ಮಳೆಗಾಲದಲ್ಲಿ ಶಾಲೆಯ ವೈರು ಸುಟ್ಟ ಮೇಲೆ ಚಾರ್ಜಿಗೆಂದು ಆರೂ ಟ್ಯಾಬ್ ದಿನಾ ಸಂಜೆ ಮನೆಗೆ ಬರುತ್ತಿದ್ದವು. ಅವನ್ನು ಕರೆಂಟಿಗೆ ಹಚ್ಚಿ, ತುಂಬಿದ ಮೇಲೆ ತಿಜೂರಿಯಲ್ಲಿಡುವುದು ತಂಗೆವ್ವನ ಕೆಲಸ. ಆಕೆ ಅವಕ್ಕೆ ಪಾಟಿ ಅನ್ನುತ್ತಿದ್ದಳು. ಮೂಲೆ ಒಡೆದ ಒಂದು ಪಾಟಿಯಲ್ಲಿ ಐದು ಫೋಟೋ. ಐದನೆಯದು ಮುಂದಿನ ಎರಡು ಹಲ್ಲು ಬಿದ್ದ ಮೊಮ್ಮಗಳದು, ಕೆಳಗೆ ಹನ್ನೊಂದು ಚುಕ್ಕಿ. ತಂಗೆವ್ವನಿಗೆ ಓದಲು ಬರದಿದ್ದರೂ ಎಣಿಸಲು ಬರುತ್ತಿತ್ತು. ಅಳಸು ಅಂತ ಸೊಸೆಯ ಮೇಲೆ ಹರಿಹಾಯ್ದವಳೇ ದಿನಾ ಯಾರೂ ಇಲ್ಲದಾಗ ಆ ಫೋಟೋ ನೋಡುತ್ತಿದ್ದಳು. ಸೊಸೆ ಅದನ್ನು ಅಳಿಸಿದ್ದರೆ ತಾನೇ ಅತ್ತುಬಿಡುತ್ತಿದ್ದಳೇನೋ.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಚುಕ್ಕಿ ಹನ್ನೆರಡಾಯಿತು.

ತಂಗೆವ್ವ ಮತ್ತೆ ಎಣಿಸಿದಳು. ಕನ್ನಡಕ ಒರೆಸಿ ಇನ್ನೊಮ್ಮೆ ಎಣಿಸಿದಳು. ಮರುದಿನ ಸಂಜೆ ಪಾಟಿ ಮನೆಗೆ ಬಂದಾಗ ಹದಿನಾಲ್ಕು. ಮುಂಜಾನೆ ಎಂಟಕ್ಕೆ ತಿಜೂರಿಯೊಳಗಿಂದ ಕರೆಯುತ್ತಿದ್ದ ದನಿಯೂ ನಿಂತುಹೋಯಿತು. ಕರೆದದ್ದು ಯಾರಿಗೋ ಕೇಳಿಸಿ ಅವರು ಬಂದಾಗಿದೆ ಅನ್ನುವ ಹಾಗೆ ಗಿಳಿ ಸುಮ್ಮನಿತ್ತು.

ಮೂರನೆಯ ದಿನ ಸಂಜೆ ತಂಗೆವ್ವ ಶೆಡ್ಡಿಗೆ ಹೋಗಿ ಮಗನ ಕಿವಿಯಲ್ಲಿ ಬಾಯಿಟ್ಟು ಹೇಳಿದಳು. ವೀರೇಶ ಮಗ್ಗ ನಿಲ್ಲಿಸದೆ ನಕ್ಕ. “ಯವ್ವಾ, ನಿನ್ನ ಎಣಿಕಿ ತಪ್ಪೈತಿ ಬೇ.”

“ಬಂದ ನೋಡಲೇ.”

ಆತ ಬಂದು ನೋಡಿದ. ಹದಿನೇಳು. ಆ್ಯಪ್ ಹಳೆಯ ಬರವಣಿಗೆಯನ್ನೂ ಇಟ್ಟುಕೊಂಡಿತ್ತು, ಒತ್ತಿದರೆ ಬೆರಳು ಓಡಿದ ದಾರಿ ಮತ್ತೆ ಮೂಡುತ್ತಿತ್ತು. ಭಾದ್ರಪದದ ಮುಂಚಿನ ಅಕ್ಷರಗಳು ಎಡಕ್ಕೆ ವಾಲಿದ್ದವು. ಅವು ತನ್ನ ಮಗಳವೇ ಅಂತ ಅಪ್ಪನಿಗೆ ಗೊತ್ತಿತ್ತು. ಆಮೇಲಿನವು ನೆಟ್ಟಗೆ ನಿಂತಿದ್ದವು.

“ಬರವಣಿಗಿ ಸುಧಾರಿಸೈತಿ,” ಅಂದ ವೀರೇಶ. ತಾನೇನು ಅಂದೆ ಅಂತ ತನಗೇ ತಿಳಿದು ಆತನ ಮುಖ ಸುಣ್ಣವಾಯಿತು.

ಆ ಸಂಜೆ ಊಟಕ್ಕೆ ಕೂತಾಗ ತಂಗೆವ್ವ ಸೊಸೆಯನ್ನು ಕೇಳಿದಳು. “ಯಾರ ಬರೀಯಾಕತ್ತಾರ ಆಕಿ ಪಾಟಿದಾಗ?”

“ಸಾಲ್ಯಾಗ ಹುಡುಗೂರು ಬರೀತಾವರಿ,” ಅಂದಳು ವೈಶಾಲಿ, ಪಲ್ಯದ ಬೋಗುಣಿಯೊಳಗೆ ಮುಖ ಹಾಕಿದಂತೆ ಬಗ್ಗಿ. “ನಿಮಗ ಇನ್ನೊಂದ ರೊಟ್ಟಿ ಹಾಕ್ಲ್ಯಾ?”

ಅದು ಉತ್ತರವಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಮರುಪ್ರಶ್ನೆ ಯಾರಿಗೂ ಬೇಡವಾಗಿತ್ತು. ಹೇಳಬಾರದ್ದನ್ನು ಹೇಳಿಬಿಡುತ್ತೇನೆ ಕೇಳಿ, ಆ ಮನೆಯಲ್ಲಿ ಎರಡು ತಿಂಗಳ ಮೇಲೆ ಮೊದಲ ಸಲ ಎಲ್ಲರೂ ಹೊಟ್ಟೆ ತುಂಬ ಉಂಡದ್ದು ಆವತ್ತೇ.

ಆಮೇಲೆ ಅದೇ ರೂಢಿಯಾಯಿತು. ಸಂಜೆ ವೈಶಾಲಿ ಚೀಲ ಇಳಿಸುವುದೇ ತಡ, ತಂಗೆವ್ವ ಒಡೆದ ಮೂಲೆಯ ಪಾಟಿ ಹುಡುಕಿ ತೆಗೆಯುವಳು. ತಾಟಿನ ಮುಂದೆ ಕೂತ ರಾಚಪ್ಪ ಕಿವುಡರ ದೊಡ್ಡ ದನಿಯಲ್ಲಿ “ಇವತ್ತ ಎಷ್ಟು?” ಅಂತ ಕೇಳುವನು. ವೀರೇಶ ಎರಡೂ ಕೈಯ ಬೆರಳು ಎರಡು ಸಲ ಬಿಚ್ಚಿ ತೋರಿಸಿ, ಮೇಲೆ ಮೂರು ಬೆರಳು ಎತ್ತುವನು. ಮುದುಕ ತಲೆದೂಗುವನು. ಹೆಸರು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಹೆಸರಿಲ್ಲದ ಯಾರೋ ದಿನಾ ಕಲಿಯುತ್ತಿದ್ದರು, ಮನೆಯವರು ದಿನಾ ಎಣಿಸುತ್ತಿದ್ದರು. ತಂಗೆವ್ವ ತಿಜೂರಿಯ ಒಳಗೆ, ಪಾಟಿಯ ಬದಿಗೆ ಒಂದು ತುಣುಕು ಬೆಲ್ಲ ಇಡತೊಡಗಿದಳು. ಒಂದು ದಿನ ಆ ಬೆಲ್ಲ ಇರಲಿಲ್ಲ. ಇರುವೆ ತಿಂದಿರಬೇಕು ಅಂದುಕೊಂಡು ತಿಜೂರಿಯ ಮೂಲೆಮೂಲೆ ಹುಡುಕಿದಳು, ಒಂದು ಇರುವೆಯೂ ಸಿಗಲಿಲ್ಲ.

ಆಕೆಗೆ ಅಂಜಿಕೆಯಾಗುತ್ತಿತ್ತು. ಅಂಜಿಕೆಗಿಂತ ಆಸೆ ದೊಡ್ಡದಾಗಿತ್ತು, ಅದು ಇನ್ನೂ ಕೆಟ್ಟದ್ದು. ತಿರುಗಿ ನೋಡಬಾರದವಳು ತಿರುಗಿ ನೋಡಿದ್ದಾಳೆ, ನೋಡಿದವಳು ಬಂದೇ ಬಿಡಲಿ ಅಂತ ಮುದುಕಿ ಮಗ್ಗದ ಕಂಡಕಿಗೆ ನೂಲು ಸುತ್ತುತ್ತ ಬೇಡಿಕೊಳ್ಳುತ್ತಿದ್ದಳು. ಹಾಗೆ ಬೇಡಿಕೊಂಡದ್ದಕ್ಕೆ ಮರುಕ್ಷಣವೇ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು.

ಎಳ್ಳ ಅಮವಾಸ್ಯೆಯ ಹಿಂದಿನ ದಿನ ವೈಶಾಲಿ ರೊಟ್ಟಿಯ ಡಬ್ಬಿ ಮರೆತು ಹೋದಳು. ತಂಗೆವ್ವನೇ ತೆಗೆದುಕೊಂಡು ಹೊರಟಳು. ಆ ಶಾಲೆಯ ಕಡೆ ಭಾದ್ರಪದದಿಂದ ಆಕೆ ಕಾಲಿಟ್ಟಿರಲಿಲ್ಲ. ಓಣಿಯ ಎರಡೂ ಬದಿ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಶಾಲೆಯ ಕಟ್ಟೆ ಏರುವಾಗ ಒಳಗೆ ಹುಡುಗರ ಗುಜುಗುಜು ಕೇಳುತ್ತಿತ್ತು. ಬಾಗಿಲ ಹತ್ತಿರ ಬಂದಾಗ ಗಿಳಿ ಕರೆಯಿತು.

“ಸಿಂಚನಾ, ಬಾ ಮಗಾ. ಬರಿಯೂಣು ಬಾ.”

“ಬಂದೆ!” ಅಂದಿತು ಒಂದು ಎಳೆಯ ದನಿ.

ತಂಗೆವ್ವನ ಕೈಯಿಂದ ಡಬ್ಬಿ ಜಾರಿ ಕಟ್ಟೆಯ ಮೇಲೆ ಉರುಳಿತು. ಒಳಗೆ ಗೋಡೆಯ ಬದಿಗೆ ಐದು ಹುಡುಗರ ಗುಂಪು. ಅದರಲ್ಲಿ ಒಬ್ಬಳು ಎದ್ದು ಮುಂದೆ ಬಂದಳು. ಎರಡು ಜಡೆ, ಕೆಂಪು ರಿಬ್ಬನ್ನು, ಅದೇ ಎತ್ತರ. ಮೂಲೆ ಒಡೆದ ಪಾಟಿಯ ಮುಂದೆ ಕೂತು, ಐದನೆಯ ಫೋಟೋದ ಮೇಲೆ ಬೆರಳಿಟ್ಟಳು. ಬದಿಯ ಹುಡುಗ “ಸಿಂಚನಾ, ನಿಂದ ಆದ ಮ್ಯಾಲ ನನಗ ಕೊಡು” ಅಂದ. ಆಕೆ “ಹೂಂ” ಅಂದಳು.

ಡಬ್ಬಿಯ ಸಪ್ಪಳಕ್ಕೆ ಹುಡುಗಿ ಬಾಗಿಲ ಕಡೆ ತಿರುಗಿದಳು. ಆ ಮುಖ ಬೇರೆಯದು. ಕಪ್ಪು ಮುಖ, ಅಗಲ ಕಣ್ಣು, ಹಣೆಯ ಮೇಲೆ ಹಳೆಯ ಗಾಯದ ಗುರುತು. ತಂಗೆವ್ವ ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲಲ್ಲೇ ಕೂತಳು. ವೈಶಾಲಿ ಓಡಿ ಬಂದಳು, ಅತ್ತೆಯ ಕಣ್ಣು ನೋಡಿದಳು, ಡಬ್ಬಿ ಎತ್ತಿಕೊಂಡಳು.

ಸಂಜೆ ಮನೆಯಲ್ಲಿ ಆಗಬೇಕಾದದ್ದು ಆಯಿತು.

“ಯಾರಾಕಿ?” ಅಂತ ತಂಗೆವ್ವ ಗರ್ಜಿಸಿದಳು.

“ಲಗಮವ್ವ ಅಂತರಿ. ಲೋಕಾಪುರ ಕಡೆಯಾಕಿ. ಅವರವ್ವ ಪ್ರತಿಮಾ ಅಂತ, ಬಸಗೊಂಡಪ್ಪನ ಶೆಡ್ಡಿನಾಗ ಕಂಡಕಿ ಸುತ್ತತಾಳ. ಗಂಡ ಇಲ್ಲ. ದೀಪಾವಳಿ ಆದ ಮ್ಯಾಲ ಬಂದಾರ.”

“ಲಗಮವ್ವಗ ನನ್ನ ಮೊಮ್ಮಗಳ ಹೆಸರ ಯಾಕ ಕೊಟ್ಟಿ?”

“ನಾ ಏನ ಮಾಡ್ಲಿ ಅತ್ತಿ? ಪುಕ್ಕಟೆ ಆ್ಯಪ್ ಒಂದ ಪಾಟಿಗೆ ಐದ ಫೋಟೋ ಹಿಡೀತೈತಿ. ಆರ ಪಾಟಿ, ಮೂವತ್ತ ಫೋಟೋ. ಮೂವತ್ತೂ ತುಂಬ್ಯಾವ. ಆ ಹುಡುಗಿ ಒಂದ ವಾರ ಕೈ ಕಟಗೊಂಡ ಉಳದವರದ ನೋಡಕೋತ ಕೂತ್ಳು. ಆಕಿನ್ನ ಕೂಡ್ರಸಬೇಕಂದ್ರ ಒಬ್ಬರನ್ನ ತಗೀಬೇಕು. ಯಾರನ್ನ ತಗೀಲಿ? ನನ್ನ ಮಗಳನ್ನ ನಾನ ನನ್ನ ಕೈಯಾರೆ ತಗೀಲ್ಯಾ?” ವೈಶಾಲಿಯ ದನಿ ಒಡೆಯಿತು. “ಅದಕ್ಕ ಆ ಫೋಟೋ ಮ್ಯಾಲೇ ಬರಿ ಅಂದೆ. ಮೊದಲನೇ ದಿನ ಗಿಳಿ ಕರೀತು, ಯಾರೂ ಬರಲಿಲ್ಲ. ಎರಡನೇ ದಿನ ಆಕಿ ‘ಬಂದೆ’ ಅಂದ್ಳು. ಯಾರರ ಬಂದೆ ಅಂದದ್ದು ಕೇಳಿ ನನಗ ಎಷ್ಟ ದಿನಾ ಆಗಿತ್ತು ಗೊತ್ತೈತೇನರಿ ನಿಮಗ?”

ವೀರೇಶ ತಾಟಿನಲ್ಲಿ ಕೈ ತೊಳೆದ.

“ಆ ಹುಡುಗಿನ್ನ ಒಂದ ಸಲ ಮನಿಗೆ ಕರಕೊಂಡ ಬಾ,” ಅಂದ.

ಬ್ಯಾಡ ಅಂತ ತಂಗೆವ್ವ ಹೇಳಬಹುದಿತ್ತು. ಹಿರಿಯಳು ಆಕೆಯೇ, ಕಟ್ಟಳೆ ಹೇಳಿದವಳೂ ಆಕೆಯೇ. ಹೇಳಲಿಲ್ಲ. ಎದ್ದು ಹೋಗಿ ನಾಳೆಗೆ ಅಂತ ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟತೊಡಗಿದಳು.

ಅಮವಾಸ್ಯೆ ಮುಗಿದ ಮರುದಿನದಿಂದ ಹುಡುಗಿ ಶಾಲೆ ಬಿಟ್ಟ ಮೇಲೆ ವೈಶಾಲಿಯ ಜೊತೆ ಮನೆಗೆ ಬರತೊಡಗಿತು. ಅವ್ವನ ಕೆಲಸ ಆರಕ್ಕೆ ಮುಗಿಯುತ್ತಿತ್ತು, ಅಲ್ಲಿಯ ತನಕ ಇಲ್ಲೇ, ಆಮೇಲೆ ವೈಶಾಲಿ ಬಸಗೊಂಡಪ್ಪನ ಶೆಡ್ಡಿಗೆ ಬಿಟ್ಟು ಬರುತ್ತಿದ್ದಳು. ಪ್ರತಿಮಾಳಿಗೆ ಅಕ್ಕೋರ ಮನೆಯಲ್ಲಿ ತನ್ನ ಕೂಸು ಓದುತ್ತದೆ, ಉಣ್ಣುತ್ತದೆ ಅಂದರೆ ಅದಕ್ಕಿಂತ ಇನ್ನೇನು ಬೇಕಿತ್ತು? ಬನಹಟ್ಟಿಯ ಜನ ಭಾಳ ಛಲೋ ಅಂತ ಆಕೆ ಶೆಡ್ಡಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡಿದ್ದಳಂತೆ.

ಹುಡುಗಿ ಬಾಗಿಲಲ್ಲಿ ಕಂಡ ಕೂಡಲೇ ವೀರೇಶ ಮಗ್ಗ ನಿಲ್ಲಿಸುತ್ತಿದ್ದ. ಜ್ವರ ಬಂದಾಗಲೂ ಮಗ್ಗ ನಿಲ್ಲಿಸಿದವನಲ್ಲ. ರಾಚಪ್ಪ ಜೇಬಿನಿಂದ ಹುರಿದ ಶೇಂಗಾ ತೆಗೆದು ಅದರ ಬೊಗಸೆಗೆ ಸುರಿಯುತ್ತಿದ್ದ. ವೈಶಾಲಿ ಪೆಟ್ಟಿಗೆಯಲ್ಲಿಟ್ಟ ಹಳದಿ ಫ್ರಾಕು ತೆಗೆದು ತೊಡಿಸಿದಳು. ಒಂದು ಬೆರಳೂ ಹೆಚ್ಚು ಕಡಿಮೆಯಾಗದೆ ಕೂತಿತು. ತಂಗೆವ್ವ ತಲೆ ಬಾಚಿ, ಎಣ್ಣೆ ಹಚ್ಚಿ, ‘ಮಗಾ’ ಅನ್ನುತ್ತಿದ್ದಳು. ಲಗಮವ್ವ ಅಂತ ಆ ಮನೆಯಲ್ಲಿ ಒಬ್ಬರೂ ಕರೆಯಲಿಲ್ಲ. ಹೋದವಳ ಹೆಸರು ಕರೆಯಬಾರದು ಅಂತ ಕಟ್ಟಳೆಯಿದ್ದ ಮನೆಯಲ್ಲಿ, ಇರುವವಳ ಹೆಸರಿಗೂ ಅದೇ ಗತಿಯಾಗಿತ್ತು.

ಒಂದು ದಿನ ಉಣ್ಣಲು ಕೂತಾಗ ತಂಗೆವ್ವ ಅದರ ಮುಂದೆ ದೊಡ್ಡ ತಾಟು ಇಟ್ಟಳು. ಹುಡುಗಿ ತಾಟು ಆಚೆ ಸರಿಸಿ ಅಟ್ಟದ ಕಡೆ ಬೆರಳು ತೋರಿಸಿತು. “ನನ್ನ ಸಣ್ಣ ತಾಟ ಅಲ್ಲೈತಿ.”

ಹೋದಾಕಿಯ ಸಣ್ಣ ಸ್ಟೀಲಿನ ತಾಟನ್ನು ಭಾದ್ರಪದದಲ್ಲಿ ಗೋಣಿಚೀಲಕ್ಕೆ ಹಾಕಿ ಅಟ್ಟಕ್ಕೆ ಎಸೆದವಳು ತಂಗೆವ್ವನೇ. “ಯಾರ ಹೇಳಿದ್ರ ನಿನಗ?”

“ಯಾರೂ ಹೇಳಿಲ್ಲ.”

“ನೀ ಹೇಳಿದ್ಯಾ?” ಅಂತ ಸೊಸೆಯ ಕಡೆ ತಿರುಗಿದಳು. ವೈಶಾಲಿ ಇಲ್ಲ ಅಂತ ತಲೆಯಾಡಿಸಿದಳು. ಅವಳ ಕಣ್ಣಲ್ಲೂ ಅಂಜಿಕೆ ಕಂಡದ್ದು ಅದೇ ಮೊದಲು. ಏನೂ ಕೇಳಿಸದ ರಾಚಪ್ಪ ನಗುನಗುತ್ತ ಏಣಿ ಹಾಕಿ, ತಾಟು ಇಳಿಸಿ, ಪಂಚೆಯ ಚುಂಗಿನಿಂದ ಒರೆಸಿ ಕೂಸಿನ ಮುಂದಿಟ್ಟ. ಚೀಲದ ತೂತಿನಿಂದ ತಾಟಿನ ಅಂಚು ಹೊಳೆದು ಕಂಡಿರಬಹುದು. ಮಕ್ಕಳ ಕಣ್ಣು ಚುರುಕು. ತಂಗೆವ್ವ ಹಾಗಂತ ತನಗೆ ತಾನೇ ನಾಲ್ಕು ದಿನ ಹೇಳಿಕೊಂಡಳು.

ಚುಕ್ಕಿ ಅರವತ್ತು ದಾಟಿದವು. ಸಂಕ್ರಮಣಕ್ಕೆ ಇನ್ನು ಮೂರು ದಿನ.

ಆವತ್ತು ಶನಿವಾರ. ನಾಲ್ಕಕ್ಕೇ ಕರೆಂಟ್ ಹೋಗಿ ಓಣಿಯ ಮಗ್ಗವೆಲ್ಲ ಒಮ್ಮೆಲೇ ನಿಂತವು. ನೇಕಾರರ ಓಣಿಯಲ್ಲಿ ಮಗ್ಗ ನಿಂತರೆ ಆಗುವ ಮೌನ ಬೇರೆ ಊರಿನವರಿಗೆ ತಿಳಿಯುವುದಿಲ್ಲ, ತಮ್ಮ ಉಸಿರು ತಮಗೇ ಕೇಳಿಸುತ್ತದೆ. ಹುಡುಗಿ ಹಳದಿ ಫ್ರಾಕು ತೊಟ್ಟು ಪಡಸಾಲೆಯಲ್ಲಿ ಪಾಟಿ ಹಿಡಿದು ಕೂತಿತ್ತು. ಸುತ್ತ ನಾಲ್ಕೂ ಮಂದಿ. ಕೆಲಸ ಬೇಗ ಬಿಟ್ಟ ಪ್ರತಿಮಾ ಆಗ ಮೊದಲ ಸಲ ಈ ಮನೆಯ ಬಾಗಿಲಿಗೆ ಬಂದಳು. ಊರಿಂದ ಯಾರೋ ತಂದ ಹಸಿ ಕಡಲೆ ಗಿಡದ ಕಟ್ಟೊಂದು ಅಕ್ಕೋರಿಗೆ ಅಂತ ಕಂಕುಳಲ್ಲಿತ್ತು. ಮಗಳ ಬೆನ್ನು ಕಂಡು ಆಕೆಯ ಮುಖ ಅರಳಿತು.

“ಲಗಮವ್ವಾ.”

ಹುಡುಗಿ ತಿರುಗಲಿಲ್ಲ.

“ಲಗಮವ್ವಾ, ನಡಿಯವ್ವ, ಮನಿಗೆ ಹೋಗೂಣು.”

ಬೆರಳು ಪಾಟಿಯ ಮೇಲೆ ಓಡುತ್ತಲೇ ಇತ್ತು. ಕೇಳಿಸಲಿಲ್ಲ ಅನ್ನುವ ಹಾಗಿಲ್ಲ, ಇಡೀ ಓಣಿ ಸುಮ್ಮನಿತ್ತು. ಮೂರನೆಯ ಸಲ ಪ್ರತಿಮಾ ಕೂಗಿಯೇ ಕರೆದಳು. ಆ ಕೂಗಿಗೆ ರಾಚಪ್ಪನೂ ಕತ್ತು ತಿರುಗಿಸಿದ, ಹುಡುಗಿ ತಿರುಗಲಿಲ್ಲ. ಅಷ್ಟರಲ್ಲಿ ಹೊಸ ಪಾಠ ಬಂದು ಗಿಳಿ ಬಾಯಿ ಬಿಟ್ಟಿತು.

“ಸಿಂಚನಾ, ಬಾ ಮಗಾ. ಬರಿಯೂಣು ಬಾ.”

“ಬಂದೆ!” ಅಂತ ಹುಡುಗಿ ಲವಲವಿಕೆಯಿಂದ ಅಂದಿತು.

ಪ್ರತಿಮಾಳ ಕಂಕುಳಿನ ಕಟ್ಟು ಹೊಸ್ತಿಲಲ್ಲಿ ಬಿತ್ತು. “ಅಕ್ಕೋರ, ಇಕಿಗೆ ಏನ ಹೆಸರ ಇಟ್ಟೀರಿ?”

“ಪಾಟಿದಾಗ ಜಾಗಾ ಇರಲಿಲ್ಲ, ಪ್ರತಿಮಾ. ಬರೇ ಪಾಠಕ್ಕ ಅಂತ...”

“ನಮ್ಮವ್ವ ಸತ್ತ ಎಂಟ ದಿನಕ್ಕ ಹುಟ್ಟ್ಯಾಳರಿ ಇಕಿ. ನಮ್ಮವ್ವನ ಹೆಸರ ಅದು. ತೊಟ್ಟಲದಾಗ ಹಾಕಿ, ಊರ ಮಂದಿನ್ನ ಕರದ ಇಟ್ಟದ್ದು.” ಪ್ರತಿಮಾ ಮುಂದೆ ಬಂದು ಮಗಳ ರಟ್ಟೆ ಹಿಡಿದಳು. “ಏಳ ಲಗಮವ್ವಾ.”

“ನಾ ಲಗಮವ್ವ ಅಲ್ಲ!” ಹುಡುಗಿ ಚೀರಿತು. “ಲಗಮವ್ವ ಅಂದ್ರ ಎಲ್ಲಾರೂ ನಗತಾರ. ನಾ ಸಿಂಚನಾ. ನಾ ಇಲ್ಲೇ ಇರಾಕಿ. ನೀ ಹೋಗು.”

ಪ್ರತಿಮಾ ಕೈ ಎತ್ತಿದಳು. ವೀರೇಶ ಅಡ್ಡ ಬಂದು ಆ ಕೈ ತಡೆದ. “ಬಡೀಬ್ಯಾಡ ನನ್ನ...” ಅಂದವನು ಮುಂದಿನ ಮಾತು ನುಂಗಿಕೊಂಡ.

“ನಿಮ್ಮ ಏನ್ರಿ?” ಪ್ರತಿಮಾ ಕೈ ಕೊಸರಿಕೊಂಡಳು. “ನಾ ಹೆತ್ತಾಕಿ. ನಾ ಬಡಿಯಾಕಿ, ನಾ ಎತ್ತಿಕೊಳ್ಳಾಕಿ. ಏನ ಮಾಡೀರ್ರಿ ನನ್ನ ಕೂಸಿಗೆ? ಯಾರರಿ ಆ ಸಿಂಚನಾ?”

ಆ ಮನೆಯಲ್ಲಿ ಹೆಸರನ್ನು ಹೀಗೆ ಯಾರೂ ಕೇಳಿರಲಿಲ್ಲ. ಆಗ ತಂಗೆವ್ವನಿಗೆ ತನ್ನ ಕೈ ಕಂಡಿತು. ಆ ಕೈ ಹಳದಿ ಫ್ರಾಕಿನ ಅಂಚನ್ನು ಗಟ್ಟಿಯಾಗಿ ಹಿಡಿದು ಹುಡುಗಿಯನ್ನು ತನ್ನ ಕಡೆ ಎಳೆಯುತ್ತಿತ್ತು. ಯಾವಾಗ ಹಿಡಿದದ್ದೋ ಆಕೆಗೇ ಗೊತ್ತಿರಲಿಲ್ಲ. ತಾಯಿ ಒಂದು ಕಡೆ, ಮನೆಯವರೆಲ್ಲ ಒಂದು ಕಡೆ, ನಡುವೆ ಕೂಸು. ಮುದುಕಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಬೆರಳು ಒಂದೊಂದಾಗಿ ಬಿಚ್ಚಿದಳು.

“ವೈಶಾಲಿ, ಅಳಸು.”

“ಅತ್ತಿ, ಬ್ಯಾಡರಿ.”

“ಅಳಸವ್ವ.”

“ಅದೊಂದ ಉಳದೈತಿ ನನಗ...”

“ಉಳದಿಲ್ಲ,” ಅಂದಳು ತಂಗೆವ್ವ. ಗದರಲಿಲ್ಲ. ಸೊಸೆಯ ಬದಿಗೆ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು. “ನಂದೂ ತಪ್ಪೈತಿ. ಕಟ್ಟಳಿ ಹೇಳಿದಾಕಿ ನಾನ, ತಿರುಗಿ ಬಂದಾಳಂತ ಬೆಲ್ಲಾ ಇಟ್ಟಾಕಿನೂ ನಾನ. ನಮ್ಮ ಕೂಸ ಹೋತು, ವೈಶಾಲಿ. ಇನ್ನೊಬ್ಬಾಕಿ ಕೂಸ ಇದ್ದಲ್ಲೇ ಹೋಗಾಕತ್ತೈತಿ, ನೋಡು. ನೀ ಸಾಲಿ ಕಲಸಾಕಿ.”

ವೈಶಾಲಿ ಹುಡುಗಿಯ ಮುಖ ನೋಡಿದಳು, ತುಂಬ ಹೊತ್ತು. ಹಣೆಯ ಗಾಯದ ಗುರುತನ್ನು ಮೊದಲ ಸಲ ಕಂಡವಳ ಹಾಗೆ ಬೆರಳಿಂದ ಮುಟ್ಟಿದಳು. “ಇದ ಹೆಂಗಾತವ್ವ ನಿನಗ?” ಅಂತ ಕೇಳಿದಳು.

“ಬಾವಿ ಕಟ್ಟಿ ಮ್ಯಾಲ ಬಿದ್ದಿದ್ನಿ,” ಅಂದಿತು ಹುಡುಗಿ, ಬಿಕ್ಕುತ್ತ.

ಎರಡು ತಿಂಗಳಲ್ಲಿ ಅದನ್ನು ಕೇಳಿದವರೇ ಇರಲಿಲ್ಲ. ವೈಶಾಲಿ ಪಾಟಿ ತೆಗೆದುಕೊಂಡು ಐದನೆಯ ಫೋಟೋದ ಮೇಲೆ ಬೆರಳು ಒತ್ತಿ ಹಿಡಿದಳು. ಖಚಿತವೇ ಅಂತ ಕೇಳಿತು, ಹೌದು ಅಂತ ಒತ್ತಿದಳು. ಮತ್ತೊಮ್ಮೆ ಕೇಳಿತು. ಮತ್ತೊಮ್ಮೆ ಒತ್ತಿದಳು. ಹಲ್ಲು ಬಿದ್ದ ನಗುಮುಖ ಹೋಗಿ ಬೂದಿ ಬಣ್ಣದ ಖಾಲಿ ಚೌಕ ಉಳಿಯಿತು. ವೀರೇಶ ಶೆಡ್ಡಿಗೆ ಹೋಗಿ ನಿಂತ ಮಗ್ಗದ ಮೇಲೆ ಹಣೆಯಿಟ್ಟು ಅತ್ತ.

ಹುಡುಗಿಯೂ ಅತ್ತಿತು. “ನನ್ನ ಚುಕ್ಕಿ! ಅರವತ್ತೆರಡ ಇದ್ವು!”

“ಬರ್ತಾವ, ಹೊಳ್ಳಿ ಬರ್ತಾವ. ನಿನಗ ಬರಿಯಾಕ ಬರ್ತೈತಲ್ಲ, ಅದ ಎಲ್ಲೂ ಹೋಗಿಲ್ಲ.” ವೈಶಾಲಿ ಅದರ ಕಣ್ಣೊರೆಸಿ, ಖಾಲಿ ಚೌಕಕ್ಕೆ ಅದರದೇ ಫೋಟೋ ತೆಗೆದಳು. ಆಮೇಲೆ ಪಾಟಿಯನ್ನು ಪ್ರತಿಮಾಳ ಬಾಯಿಯ ಹತ್ತಿರ ಹಿಡಿದಳು. “ನೀನ ಕರಿಯವ್ವ. ಇನ್ನ ನಿನ್ನ ದನಿಯಾಗ ಕರೀಲಿ.”

ಪ್ರತಿಮಾ ಪಾಟಿಯನ್ನು ಸಂಶಯದಿಂದ ನೋಡಿದಳು. ಗಂಟಲು ಸರಿಮಾಡಿಕೊಂಡು, ಹೊಲದ ಬದುವಿನ ಮೇಲೆ ನಿಂತು ಕರೆಯುವ ಹಾಗೆ ದೊಡ್ಡದಾಗಿ ಕರೆದಳು. “ಲಗಮವ್ವಾ, ಬಾರ ನನ ಮಗಳ!”

ಗಿಳಿ ಅದನ್ನೇ ತಿರುಗಿ ಹೇಳಿತು. ಅವ್ವನ ದನಿ ಗಿಳಿಯ ಬಾಯಿಂದ ಬಂದದ್ದಕ್ಕೆ ಹುಡುಗಿ ಅಳುತ್ತಲೇ ಕಿಸಕ್ಕನೆ ನಕ್ಕಿತು.

ತಂಗೆವ್ವ ಫ್ರಾಕು ಬಿಚ್ಚಿಸಿ ಅದರದೇ ಲಂಗ ತೊಡಿಸಿ ಕಳಿಸಿದಳು. ತಾಯಿ ಮಗಳು ಕೈ ಹಿಡಿದುಕೊಂಡು ಓಣಿಗಿಳಿದರು. ಮಗ್ಗಗಳು ಇನ್ನೂ ಸುಮ್ಮನಿದ್ದವು, ಅವರ ಚಪ್ಪಲಿಯ ಸಪ್ಪಳ ದೂರದ ತನಕ ಕೇಳುತ್ತಿತ್ತು. ವೈಶಾಲಿ ಹೊಸ್ತಿಲಲ್ಲಿ ನಿಂತಿದ್ದಳು. ಅವರು ನೀರಿನ ಟಾಕಿಯ ಹತ್ತಿರ ಹೋದಾಗ ಅವಳ ಎದೆ ಒಡೆಯಿತು. ಭಾದ್ರಪದದಿಂದ ಗಂಟಲಲ್ಲಿ ಕೂತಿದ್ದದ್ದು ಒಮ್ಮೆಲೇ ಹೊರಗೆ ಬಂತು.

“ಸಿಂಚನಾ!”

ತಂಗೆವ್ವ ಅವಳ ಬಾಯಿ ಮುಚ್ಚಲು ಕೈ ಚಾಚಿದಳು, ತಡವಾಗಿತ್ತು. ಟಾಕಿಯ ಹತ್ತಿರ ಹುಡುಗಿಯ ಕಾಲು ನಿಂತವು. ಪ್ರತಿಮಾ ಕೈ ಬಿಗಿಹಿಡಿದು ಎಳೆದಳು, ಹುಡುಗಿ ಕದಲಲಿಲ್ಲ. ಮೆಲ್ಲಗೆ ಹಿಂದಕ್ಕೆ ತಿರುಗಿತು.

ಹುಡುಗಿ ಅವ್ವನ ಕೈ ಬಿಡಿಸಿಕೊಂಡು, ಎರಡೂ ಕೈ ಬದಿಗಿಟ್ಟು ನೆಟ್ಟಗೆ ನಿಂತಿತು. ಹಾಜರಿ ಕರೆಯುವಾಗ ಪಕ್ಕದ ಗೆಳತಿ ಇಲ್ಲದಿದ್ದರೆ ಮಕ್ಕಳು ಎದ್ದು ನಿಲ್ಲುತ್ತವಲ್ಲ, ಹಾಗೆ.

“ಆಕಿ ಬಂದಿಲ್ಲರಿ, ಅಕ್ಕೋರ,” ಅಂದಿತು.